ಬಲೆ ಬೇಡ ಎನ್ನುವ ಹಡಗಿನಲ್ಲಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಲಂಡನ್ನಿಗೆ ಹತ್ತಿರದ ಮೆಡ್ವೇ ನದಿಯ ನೀರು ಇಳಿದು ಎರಡೂ ದಡದ ಕೆಸರು ಬಯಲಾಗಿದೆ. ‘ಅಮಾಬೆಲ್’ ಹಡಗಿನ ಡೆಕ್ಕಿನಲ್ಲಿ, ಆಳೆತ್ತರಕ್ಕೆ ಬಿಗಿದು ಕಟ್ಟಿದ ಬಲೆಯೊಂದರ ಮೇಲೆ, ಮುದುಕರೊಬ್ಬರು ಅಂಗೈ ಮಂಡಿ ಊರಿ ನಿಧಾನವಾಗಿ ಹರಿದಾಡುತ್ತಿದ್ದಾರೆ. ಬಾಯಲ್ಲಿ ಮರದ ಸೂಜಿ, ಸೊಂಟದಲ್ಲಿ ಸೆಣಬಿನ ಹುರಿಯ ಉಂಡೆ. ಬಲೆಯ ಒಂದೊಂದು ಕಣ್ಣಿಗೂ ಬೆರಳು ತೂರಿಸಿ ಜಗ್ಗಿ ನೋಡುತ್ತಾರೆ. ಸಡಿಲವಾದ ಕಡೆ ನಿಂತು ಹೊಸ ಹುರಿ ಹೆಣೆಯುತ್ತಾರೆ. ಅವರ ತಲೆಯ ಮೇಲೆ ಹಾಯಿಕಂಬ ಮಂಜಿನೊಳಗೆ ಹೋಗಿ ಮರೆಯಾಗಿದೆ.

ಸೀಟಿ ಊದಿದ್ದೇ ತಡ, ಕೆಳಗಿನಿಂದ ಹುಡುಗರು ದಬದಬನೆ ಹತ್ತಿ ಬರುತ್ತಾರೆ. ಬರಿಗಾಲು, ಬೋಳಿಸಿದ ತಲೆ, ಕೈಯಲ್ಲಿ ಬಕೆಟ್ಟು. ನದಿಯಿಂದ ಸೇದಿದ ನೀರು ಚೆಲ್ಲಿ, ಮರಳು ಎರಚಿ, ಮಂಡಿಯೂರಿ ಕುಳಿತು ಕಲ್ಲಿನಿಂದ ಡೆಕ್ಕು ಉಜ್ಜುವುದು ಅವರ ದಿನದ ಮೊದಲ ಪಾಠ. ಏಪ್ರಿಲ್ ಕಳೆಯುತ್ತಾ ಬಂದರೂ ನೀರು ಮೂಳೆ ಕೊರೆಯುವಂತಿದೆ.

“ಲೋ, ಜೇಡಜ್ಜ ಬಲೆ ಹತ್ತಿದಾನೆ ನೋಡ್ರೋ. ಇವತ್ತು ಯಾವ ನೊಣ ಬಿತ್ತೋ!” ಎಂದು ಒಬ್ಬ ಕಿಸಕ್ಕನೆ ನಗುತ್ತಾನೆ.

“ನೀನೇ ಬಿದ್ದಿದೀಯಲ್ಲೋ, ದಪ್ಪ ನೊಣ,” ಎಂದು ಮೇಲಿನಿಂದ ಉತ್ತರ ಬರುತ್ತದೆ. “ಮೊದ್ಲು ಆ ಮೂಲೆ ಉಜ್ಜು. ನಿನ್ನ ಮುಖಕ್ಕಿಂತ ಗಲೀಜಾಗಿದೆ.”

ಇವರು ಅಮೋಸ್ ಟ್ಯಾಪ್ಸೆಲ್. ಹುಡುಗರಿಗೆ ಹಗ್ಗದ ಗಂಟು ಕಲಿಸುವ ಮೇಷ್ಟ್ರು, ಹರಿದ ಹಾಯಿ ಹೊಲಿಯುವವರು, ಎಲ್ಲಕ್ಕಿಂತ ಹೆಚ್ಚಾಗಿ ಈ ಬಲೆಯನ್ನು ಕಾಯುವವರು. ವಯಸ್ಸು ಅರವತ್ತರ ಹತ್ತಿರ. ‘ಅಮಾಬೆಲ್’ ಕುರಿತು ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಕ್ಯಾಪ್ಟನ್ನರ ಪಟ ಬರುತ್ತದೆ, ದಾನ ಕೊಟ್ಟವರ ಪಟ ಬರುತ್ತದೆ, ಕಂಬದ ನೆತ್ತಿಯ ಮೇಲೆ ನಿಂತ ಹುಡುಗನ ಪಟವಂತೂ ಪ್ರತಿ ವರ್ಷ ಬರುತ್ತದೆ. ಟ್ಯಾಪ್ಸೆಲ್ ಅವರ ಪಟ ಒಂದರಲ್ಲೂ ಇಲ್ಲ. ಬಲೆಯದೂ ಇಲ್ಲ, ಏಕೆಂದರೆ ಪಟ ತೆಗೆಯುವ ದಿನ ಅದು ಅಲ್ಲಿ ಇರುವುದೇ ಇಲ್ಲ.

ಅಜ್ಜಂದಿರ ಕಾಲದಲ್ಲಿ ‘ಅಮಾಬೆಲ್’ ಯುದ್ಧದ ಹಡಗು. ಈಗ ಫಿರಂಗಿಗಳನ್ನು ಕಿತ್ತು, ಸರಪಳಿ ಬಿಗಿದು, ನದಿಯ ನಡುವೆ ನಿಲ್ಲಿಸಿದ್ದಾರೆ. ಹಡಗು ಎಲ್ಲಿಗೂ ಹೋಗುವುದಿಲ್ಲ, ಹೋಗಬೇಕಾದವರು ಹುಡುಗರು. ಲಂಡನ್ನಿನ ಓಣಿಗಳಿಂದ ಅವರನ್ನು ತರುತ್ತಾರೆ. ಒಬ್ಬನ ಅಪ್ಪ ಹಡಗುಕಟ್ಟೆಯಲ್ಲಿ ಮೂಟೆ ಬಿದ್ದು ಸತ್ತಿರುತ್ತಾನೆ, ಇನ್ನೊಬ್ಬನ ಅಮ್ಮನಿಗೆ ಮಲತಂದೆಯ ಮುಂದೆ ಬಾಯಿಲ್ಲ, ಮತ್ತೊಬ್ಬನಿಗೆ ಯಾರೆಂದರೆ ಯಾರೂ ಇಲ್ಲ. ಬಂದ ದಿನವೇ ಸ್ನಾನ ಮಾಡಿಸಿ, ತಲೆ ಬೋಳಿಸಿ, ಉಟ್ಟು ಬಂದ ಬಟ್ಟೆಯನ್ನು ಒಲೆಗೆ ಹಾಕುತ್ತಾರೆ. ಆಮೇಲೆ ಅಂಗಿಯ ಮೇಲೆ ಒಂದು ನಂಬರು. ಹೆಸರು ಮತ್ತೆ ಸಿಗುವುದು ಹಡಗು ಬಿಡುವಾಗ.

ಬೆಳಿಗ್ಗೆ ಕೋಕೋ, ಬ್ರೆಡ್ಡಿನ ಮೇಲೆ ಮಾಂಸದ ಕೊಬ್ಬು ಸವರಿ ಕೊಡುತ್ತಾರೆ. ಮಧ್ಯಾಹ್ನ ಬಟಾಣಿಯ ಗಂಜಿ. ದೋಣಿಗೆ ಹುಟ್ಟು ಹಾಕುವುದು, ಬಾವುಟದ ಸನ್ನೆ, ತಮ್ಮ ಬಟ್ಟೆ ತಾವೇ ಹೊಲಿಯುವುದು, ವಾದ್ಯ ನುಡಿಸುವುದು, ತಪ್ಪಿದರೆ ಬೆತ್ತ. ಚಳಿಗೆ ಬೆರಳು ಬಾತು ಒಡೆಯುತ್ತವೆ. ಹೊಸ ಹುಡುಗರು ತೂಗುಹಾಸಿಗೆಯಲ್ಲಿ ಮುಸುಕೆಳೆದು ಅಳುತ್ತಾರೆ. ಸದ್ದು ಹೊರಗೆ ಬರದ ಹಾಗೆ ಅಳುವುದನ್ನು ಅವರು ಒಂದೇ ವಾರದಲ್ಲಿ ಕಲಿತುಬಿಡುತ್ತಾರೆ. ಬೇರೆ ಯಾವ ಪಾಠವನ್ನೂ ಇಷ್ಟು ಬೇಗ ಕಲಿಯುವುದಿಲ್ಲ ಎನ್ನುತ್ತಾರೆ ಟ್ಯಾಪ್ಸೆಲ್. ಅವರು ಹುಡುಗರನ್ನು ನಂಬರಿನಿಂದ ಕರೆಯುವುದಿಲ್ಲ. ಹೆಸರು ಹಿಡಿದು ಕರೆಯಬಾರದೆಂದು ಕಟ್ಟಪ್ಪಣೆ ಇರುವುದರಿಂದ ಅವರವರ ಓಣಿಯ ಹೆಸರು ಹಿಡಿದು ಕೂಗುತ್ತಾರೆ.

“ಇದು ಕೆಟ್ಟ ಜಾಗ ಅಂತ ನಾನು ಹೇಳಲ್ಲ. ಹೊಟ್ಟೆಗೆ ಹಾಕ್ತಾರೆ. ಓಣೀಲಿ ಅದೂ ಇರ್ಲಿಲ್ಲ,” ಎನ್ನುತ್ತಾರೆ. ಹುರಿಯನ್ನು ಹಲ್ಲಿನಿಂದ ಕಡಿದು, “ಆದ್ರೆ ಒಳ್ಳೇ ಜಾಗ ಅಂತಾನೂ ನನ್ನ ಬಾಯಲ್ಲಿ ಹೇಳಿಸ್ಬೇಡಿ,” ಎನ್ನುತ್ತಾರೆ.

ಹೀಗೆ ಹೇಳಲು ಅವರಿಗೆ ಹಕ್ಕಿದೆ. ಅವರೂ ಇಲ್ಲಿ ತಲೆ ಬೋಳಿಸಿಕೊಂಡವರೇ.

ಕಂಬದ ನೆತ್ತಿಯಲ್ಲಿ ಊಟದ ತಟ್ಟೆಯಷ್ಟು ಅಗಲದ ಒಂದು ಮರದ ಬಿಲ್ಲೆಯಿದೆ. ಪ್ರತಿ ವರ್ಷ ಮೇ ತಿಂಗಳ ಬಹುಮಾನದ ದಿನ, ದಾನಿಗಳು ಮತ್ತು ತಾಯಂದಿರ ಎದುರಿಗೆ, ಆರಿಸಿದ ಒಬ್ಬ ಹುಡುಗ ಹತ್ತಿ ಆ ಬಿಲ್ಲೆಯ ಮೇಲೆ ಏನನ್ನೂ ಹಿಡಿಯದೆ ನೆಟ್ಟಗೆ ನಿಲ್ಲಬೇಕು. ಅವನಿಗೆ ಬಿಲ್ಲೆ ಹುಡುಗ ಎಂದೇ ಹೆಸರು. ವರ್ಷವೆಲ್ಲ ಬಲೆ ಕಟ್ಟಿಕೊಂಡೇ ಅಭ್ಯಾಸ ಮಾಡುತ್ತಾರೆ. ಆ ದಿನ ಮಾತ್ರ ಒಂದು ಪದ್ಧತಿ ಇದೆ. ಹತ್ತುವ ಮೊದಲು ಕ್ಯಾಪ್ಟನ್ ಎಲ್ಲರಿಗೂ ಕೇಳುವಂತೆ, “ಬಲೆ ಬೇಕೇ?” ಎನ್ನುತ್ತಾರೆ. ಹುಡುಗ, “ಬೇಡ!” ಎಂದು ಕೂಗಬೇಕು. ಆಗ ನಾಲ್ಕು ಮೂಲೆಯ ಜಾರುಗಂಟುಗಳನ್ನು ಎಳೆದರೆ ಬಲೆ ಡೆಕ್ಕಿನ ಮೇಲೆ ಕುಸಿದು ಬೀಳುತ್ತದೆ. ಬೇಕು ಎಂದರೆ ಯಾರೂ ಬೆತ್ತ ಹಿಡಿಯುವುದಿಲ್ಲ. ಆದರೆ ಹಾಗೆಂದ ಹುಡುಗ ಇದುವರೆಗೆ ಹುಟ್ಟಿಲ್ಲ.

ಟ್ಯಾಪ್ಸೆಲ್ ಹುಡುಗನಾಗಿದ್ದಾಗ ಒಂದು ವರ್ಷ ಬಿಲ್ಲೆ ಹುಡುಗನಾಗಿ ಆಯ್ಕೆಯಾದವನು ಅವರ ತಮ್ಮ ಪರ್ಸಿ. ಒಂದು ಮೂಲೆಯ ಗಂಟಿಗೆ ಅಣ್ಣನನ್ನೇ ನಿಲ್ಲಿಸಿದ್ದರು. ಪರ್ಸಿ ಬೇಡ ಎಂದು ಕೂಗಿದ, ಅಣ್ಣ ಗಂಟು ಎಳೆದ. ಹತ್ತುವಾಗ ಏನೂ ಆಗಲಿಲ್ಲ. ಬಿಲ್ಲೆಯ ಮೇಲೆ ನಿಂತು ಟೋಪಿ ಬೀಸಿದಾಗಲೂ ಏನೂ ಆಗಲಿಲ್ಲ. ಇಳಿಯುವಾಗ ಕೈ ತಪ್ಪಿತು.

“ಬಲೆ ನನ್ನ ಕಾಲ ಹತ್ರಾನೇ ಬಿದ್ದಿತ್ತು,” ಎನ್ನುತ್ತಾರೆ ಟ್ಯಾಪ್ಸೆಲ್. ಅಷ್ಟು ಹೇಳಿ ಸೂಜಿಗೆ ಹುರಿ ಸುತ್ತುತ್ತಾರೆ. ಸುತ್ತಿದ್ದನ್ನೇ ಬಿಚ್ಚಿ ಮತ್ತೆ ಸುತ್ತುತ್ತಾರೆ.

ಪರ್ಸಿಯನ್ನು ದಡದ ಚರ್ಚಿನ ಅಂಗಳದಲ್ಲಿ ಮಣ್ಣು ಮಾಡಿದರು. ಪದ್ಧತಿಯೂ ಅಲ್ಲಿಗೇ ನಿಲ್ಲುತ್ತದೆಂದು ಎಲ್ಲರೂ ಅಂದುಕೊಂಡರು. ನಿಲ್ಲಿಸಲು ಒಪ್ಪದವರು ಹುಡುಗರೇ. ಮರುವರ್ಷದ ಬಿಲ್ಲೆ ಹುಡುಗ ಪರ್ಸಿಯ ಹೆಸರೆತ್ತಿ ಇನ್ನೂ ಜೋರಾಗಿ ಬೇಡವೆಂದ. ಯಾರೋ ಕಂಬದ ಬುಡದಲ್ಲಿ ಅವನ ಹೆಸರು ಕೆತ್ತಿದರು. ಇಂದಿಗೂ ಹತ್ತುವ ಹುಡುಗರು ಆ ಹೆಸರು ಮುಟ್ಟಿ ಕಣ್ಣಿಗೊತ್ತಿಕೊಂಡೇ ಕಾಲಿಡುತ್ತಾರೆ.

“ನಮ್ ಪರ್ಸಿ ಹೆಸರಲ್ಲಿ ಬೇಡ ಅಂತಾರೆ. ಅವ್ನು ಇದ್ದಿದ್ರೆ ಬೇಕು ಅಂತಿದ್ದ,” ಎನ್ನುವಾಗ ಅವರ ದನಿ ಗಡುಸಾಗುತ್ತದೆ.

ಹಡಗು ಬಿಡುವ ವಯಸ್ಸು ಬಂದಾಗ ಟ್ಯಾಪ್ಸೆಲ್ ಸಮುದ್ರಕ್ಕೆ ಹೋದರು. ಎಷ್ಟೋ ಬಂದರು ನೋಡಿ, ಕೊನೆಗೆ ಬಲೆ ಕಾಯುವ ಕೆಲಸ ಖಾಲಿಯಿದೆ ಎಂದು ತಿಳಿದು ಇಲ್ಲಿಗೇ ಮರಳಿದರು. ಆ ಬಳಿಕ ವರ್ಷವೆಲ್ಲ ಬಲೆ ಹೆಣೆಯುವುದು, ಬಹುಮಾನದ ದಿನ ತಮ್ಮ ಕೈಯಾರೆ ಅದನ್ನು ಕೆಡವುವುದು, ಹುಡುಗ ಇಳಿದು ಬರುವವರೆಗೆ ಕಂಬದ ಬುಡದಲ್ಲಿ ಉಸಿರು ಬಿಗಿಹಿಡಿದು ನಿಲ್ಲುವುದು. ತಮ್ಮ ಬದುಕಿನಲ್ಲಿ ಒಬ್ಬನೇ ಒಬ್ಬ ಹುಡುಗನ ಬಾಯಲ್ಲಿ ಬೇಕು ಎನ್ನುವುದನ್ನು ಕೇಳಬೇಕೆಂಬುದು ಅವರ ಆಸೆ. ಅದಕ್ಕಿಂತ ದೊಡ್ಡ ಆಸೆ ಅವರಿಗಿಲ್ಲ. ಅದು ಸಣ್ಣದೆಂದು ಈ ಹಡಗನ್ನು ಬಲ್ಲವರು ಯಾರೂ ಹೇಳಲಾರರು.

ಈ ವರ್ಷದ ಬಿಲ್ಲೆ ಹುಡುಗ ವಿಲ್ಫ್ ಸ್ಟಬ್ಸ್. ಡೆಟ್‌ಫರ್ಡಿನ ಓಣಿಯವನು, ಅಪ್ಪನಿಲ್ಲ, ಅಮ್ಮ ಬಟ್ಟೆ ಒಗೆಯುವವಳು. ತೆಳ್ಳಗೆ ಬಳ್ಳಿಯ ಹಾಗಿದ್ದಾನೆ. ಬಾಯಿ ಮಾತ್ರ ಜೋರು. ಬಹುಮಾನದ ದಿನಕ್ಕೆ ಒಂದು ವಾರವಿದೆ ಎನ್ನುವಾಗ, ಮಂಜು ಕವಿದ ಒಂದು ಬೆಳಿಗ್ಗೆ, ಉಳಿದವರು ಕೋಕೋ ಕುಡಿಯಲು ಇಳಿದಾಗ ಅವನೊಬ್ಬನೇ ಕಂಬ ಹತ್ತುತ್ತಾನೆ. ಹುಟ್ಟು ಹಾಕಿ ಹಾಕಿ ಎಡಗೈಯ ಅಂಗೈ ಸೀಳಿದೆ. ಹಗ್ಗದ ಏಣಿ ಮುಗಿದು ಬರಿಯ ಕಂಬವನ್ನು ತಬ್ಬಿ ಹತ್ತಬೇಕಾದ ಕೊನೆಯ ಭಾಗದಲ್ಲಿ ಆ ಕೈ ಹಿಡಿತ ಬಿಡುತ್ತದೆ.

ಬಲೆ ತಡೆಯುತ್ತದೆ. ಎರಡು ಸಲ ಪುಟಿದು ವಿಲ್ಫ್ ಅಂಗಾತ ಬೀಳುತ್ತಾನೆ. ನೋಡಿದವರು ಟ್ಯಾಪ್ಸೆಲ್ ಒಬ್ಬರೇ.

“ಯಾರ್ಗೂ ಹೇಳ್ಬೇಡಿ ಸರ್,” ಎನ್ನುತ್ತಾನೆ ಹುಡುಗ. ತುಟಿ ಬಿಳಿಚಿಕೊಂಡಿದೆ. “ನಿಮ್ ದಮ್ಮಯ್ಯ. ಹೇಳಿದ್ರೆ ನನ್ನ ತೆಗೆದು ಬೇರೆಯವನ್ನ ಹಾಕ್ತಾರೆ.”

“ಕೈ ತೋರ್ಸು.”

“ಕೈಗೇನೂ ಆಗಿಲ್ಲ ಸರ್.”

“ತೋರ್ಸು ಅಂದೆ.” ಟ್ಯಾಪ್ಸೆಲ್ ಅಂಗೈ ಹಿಡಿದು ಸೀಳನ್ನು ನೋಡುತ್ತಾರೆ. ಬಳಿಕ, “ಒಂದು ಮಾತು ಕೇಳ್ತೀಯಾ? ಆವತ್ತು ಬೇಕು ಅಂದ್ಬಿಡು ಕಣೋ. ಬಲೆ ಇದ್ರೆ ಬಿಲ್ಲೆ ಏನು ಚಿಕ್ಕದಾಗುತ್ತಾ?” ಎನ್ನುತ್ತಾರೆ.

“ಅಂದ್ರೆ ಇವ್ರು ನನ್ನ ಬದುಕೋಕೆ ಬಿಡ್ತಾರಾ ಸರ್? ಹೇಡಿ ಅಂತ ಹೆಸರಿಟ್ಟು ಕೊನೇವರ್ಗೂ ಆಡ್ಕೋತಾರೆ.”

“ನಿಮ್ಮಮ್ಮ ಬರ್ತಾಳಲ್ಲೋ.”

“ಅದಕ್ಕೇ ಸರ್! ಮೊದಲ್ನೇ ಸಲ ಬರ್ತಿರೋದು. ಅವಳ ಮುಂದೆ ನಾನು ಬಲೆ ಕೇಳ್ಲಾ?”

ಹೇಳುವುದಿಲ್ಲ ಎಂದು ಟ್ಯಾಪ್ಸೆಲ್ ಮಾತು ಕೊಡುತ್ತಾರೆ. ಆದರೂ ಮರುದಿನ ಕ್ಯಾಪ್ಟನ್ ಲಾರಿಮರ್ ಅವರ ಕೋಣೆಗೆ ಹೋಗಿ, ಹುಡುಗನ ಹೆಸರೆತ್ತದೆ, ಈ ವರ್ಷ ಬಲೆ ಇರಲಿ ಎಂದು ಕೇಳಿಕೊಳ್ಳುತ್ತಾರೆ. ಕ್ಯಾಪ್ಟನ್ ಕೆಟ್ಟವರಲ್ಲ. ಕೂರಿಸಿ ಮಾತನಾಡಿಸುತ್ತಾರೆ. ತಮ್ಮನ ನೆನಪು ಬರುವುದು ಸಹಜವೆನ್ನುತ್ತಾರೆ. “ಆದ್ರೆ ನೋಡಿ ಟ್ಯಾಪ್ಸೆಲ್, ಬಲೆ ಬೇಡ ಅನ್ನೋರು ಹುಡುಗ್ರೇ. ಅವರ ಧೈರ್ಯ ನಾನು ಕಿತ್ಕೊಳ್ಳೋಕಾಗುತ್ತಾ?” ಎಂದು ಕಳಿಸಿಕೊಡುತ್ತಾರೆ.

ದಡದ ಮೇಲಿನ ಪುಟ್ಟ ಮನೆಯಲ್ಲಿ ಹೆಂಡತಿ ಹೆಟ್ಟಿ ಆಲೂಗಡ್ಡೆ ಸುಲಿಯುತ್ತಾ ಇದನ್ನೆಲ್ಲ ಕೇಳಿಸಿಕೊಳ್ಳುತ್ತಾರೆ. ಅವರಿಗೆ ಇದು ಹೊಸದಲ್ಲ. ಬಹುಮಾನದ ದಿನ ಹತ್ತಿರ ಬಂದರೆ ಗಂಡ ಊಟ ಬಿಡುತ್ತಾರೆ.

“ಅಲ್ಲಾ ರೀ, ಆ ಬಲೆ ಜೊತೇನೇ ಸಂಸಾರ ಮಾಡಿದೀರಿ. ನಾನೊಬ್ಳು ಬಿಟ್ಟಿ ಬಂದೋಳು,” ಎಂದು ರೇಗಿಸುತ್ತಾರೆ. ಗಂಡ ನಗದಿದ್ದಾಗ ಚಾಕು ಕೆಳಗಿಡುತ್ತಾರೆ. “ಹುಡುಗ ಕೇಳಲ್ಲ, ಕ್ಯಾಪ್ಟನ್ ಕೇಳಲ್ಲ. ನೀವೇನ್ ಮಾಡೋಕಾಗುತ್ತೆ? ಮಾತು ಬೇರೆ ಕೊಟ್ಟು ಬಂದಿದೀರಿ.”

“ಹೇಳಲ್ಲ ಅಂತ ಮಾತು ಕೊಟ್ಟೆ ಕಣೇ,” ಎನ್ನುತ್ತಾರೆ ಟ್ಯಾಪ್ಸೆಲ್. “ಏನೂ ಮಾಡಲ್ಲ ಅಂತ ಕೊಡ್ಲಿಲ್ಲ.”

ಬಹುಮಾನದ ದಿನ ಬೆಳಿಗ್ಗೆ ಅವರು ಎಂದಿಗಿಂತ ಮುಂಚೆ ಹಡಗು ಹತ್ತುತ್ತಾರೆ. ನಾಲ್ಕೂ ಮೂಲೆಯಲ್ಲಿ ಹಿಂದಿನ ಸಂಜೆ ತಾವೇ ಹಾಕಿದ ಜಾರುಗಂಟುಗಳಿವೆ. ಒಂದೊಂದನ್ನೂ ಬಿಚ್ಚುತ್ತಾರೆ. ಅವುಗಳ ಜಾಗದಲ್ಲಿ, ಹೊಸ ಹುಡುಗ ಹಾಕಿದರೆ ತಾವೇ ಕಿವಿ ಹಿಂಡುವಂಥ ಕಗ್ಗಂಟು ಹಾಕುತ್ತಾರೆ. ಒಂದರ ಮೇಲೊಂದು ಸುತ್ತು, ತುದಿ ಒಳಗೆ ಹೂತು, ಮಂಡಿ ಕೊಟ್ಟು ಜಗ್ಗುತ್ತಾರೆ. ನಂತರ ಬಕೆಟ್ಟಿನಿಂದ ನದಿಯ ನೀರು ಸುರಿಯುತ್ತಾರೆ. ನೆನೆದ ಸೆಣಬು ಉಬ್ಬಿ ಗಂಟು ಕಲ್ಲಾಗುತ್ತದೆ. ಇದು ಸಾವಿರಾರು ಹುಡುಗರಿಗೆ ಗಂಟು ಕಲಿಸಿದ ಕೈಯ ಕೆಲಸ. ಈಗ ಮುಚ್ಚಿಟ್ಟು ಏನಾಗಬೇಕು, ಬರೆಯಿರಿ ಎಂದು ಈ ವರದಿಗಾಗಿ ಹೇಳಿದವರು ಅವರೇ. ಅದಕ್ಕೇ ಇಲ್ಲಿ ಬರೆದಿದೆ.

ಮಧ್ಯಾಹ್ನ ನದಿ ತುಂಬಿದಾಗ ದೋಣಿಗಳಲ್ಲಿ ಅತಿಥಿಗಳು ಬರುತ್ತಾರೆ. ಟೊಪ್ಪಿಗೆಗಳು, ಕೈಗವಸುಗಳು, ನಗು. ತಾಯಂದಿರಿಗೆ ಹಿಂದೆ ಹಗ್ಗ ಕಟ್ಟಿ ಜಾಗ ಮಾಡಿದ್ದಾರೆ. ಅವರಲ್ಲಿ ವಿಲ್ಫ್‌ನ ಅಮ್ಮನನ್ನು ಗುರುತಿಸುವುದು ಸುಲಭ, ಸೋಪಿನ ನೀರಿಗೆ ಬೆಂದು ಕೆಂಪಾದ ಕೈಗಳನ್ನು ಶಾಲಿನಡಿ ಮುಚ್ಚಿಕೊಂಡಿದ್ದಾಳೆ. ವಾದ್ಯ ನಿಲ್ಲುತ್ತದೆ. ವಿಲ್ಫ್ ಮುಂದೆ ಬಂದು ಪರ್ಸಿಯ ಹೆಸರು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾನೆ.

“ಬಲೆ ಬೇಕೇ?” ಎನ್ನುತ್ತಾರೆ ಕ್ಯಾಪ್ಟನ್.

ವಿಲ್ಫ್ ಒಮ್ಮೆ ಟ್ಯಾಪ್ಸೆಲ್ ಕಡೆ ನೋಡುತ್ತಾನೆ. ಆ ಒಂದು ಗಳಿಗೆ ಟ್ಯಾಪ್ಸೆಲ್ ಅವರಿಗೆ ಆಸೆ ಮೂಡುತ್ತದೆ. ಆಮೇಲೆ ಹುಡುಗ ಎದೆಯುಬ್ಬಿಸಿ, “ಬೇಡ!” ಎಂದು ಕೂಗುತ್ತಾನೆ. ಹಿಂದೆಯೇ ನೂರಾರು ಕಂಠಗಳು, “ಬೇಡ!”

ಟ್ಯಾಪ್ಸೆಲ್ ಮೊದಲ ಮೂಲೆಗೆ ಹೋಗಿ ಹಗ್ಗ ಎಳೆಯುತ್ತಾರೆ. ಏನೂ ಆಗುವುದಿಲ್ಲ. ಬಗ್ಗಿ ಉಗುರು ತೂರಿಸಿ ಎಳೆಯುತ್ತಾರೆ, ಉಗುರು ಮುರಿದು ರಕ್ತ ಬರುತ್ತದೆ, ಗಂಟು ಜಪ್ಪಯ್ಯ ಎಂದರೂ ಸಡಿಲವಾಗುವುದಿಲ್ಲ. ಇಬ್ಬರು ನಾವಿಕರು ಓಡಿಬಂದು ಉಳಿದ ಮೂಲೆ ನೋಡುತ್ತಾರೆ. ಅಲ್ಲೂ ಅದೇ ಕತೆ. ಅತಿಥಿಗಳ ಸಾಲಿನಲ್ಲಿ ಯಾರೋ ನಗುತ್ತಾರೆ. ಹುಡುಗರ ಸಾಲಿನಿಂದ, “ಗಂಟು ಹಾಕೋದು ನಾವ್ ಕಲಿಸ್ಕೊಡೋಣ್ವಾ ಸರ್?” ಎಂಬ ಮಾತು ತೇಲಿ ಬರುತ್ತದೆ.

“ಟ್ಯಾಪ್ಸೆಲ್, ಏನಿದು?” ಕ್ಯಾಪ್ಟನ್ನರ ಮುಖ ಕೆಂಪಾಗಿದೆ.

“ಮರೆತುಹೋಯ್ತು ಸರ್. ವಯಸ್ಸಾಯ್ತು.”

ಕತ್ತರಿಸಲು ಒಬ್ಬ ನಾವಿಕ ಚಾಕು ತೆಗೆಯುತ್ತಾನೆ. ಆದರೆ ಆ ಹಗ್ಗ ಎದುರಿಗೆ ಕೂತಿರುವ ದಾನಿಗಳದೇ ಕೊಡುಗೆ, ಅವರ ಕಣ್ಣೆದುರು ಕತ್ತರಿಸುವುದು ಹೇಗೆ? ಮೇಲಾಗಿ ನದಿ ಕಾಯುವುದಿಲ್ಲ. ನೀರು ಇಳಿಯುವ ಮೊದಲು ದೋಣಿಗಳು ದಡ ಸೇರದಿದ್ದರೆ ಈ ಟೊಪ್ಪಿಗೆಗಳೆಲ್ಲ ಕೆಸರಿನಲ್ಲಿ ನಡೆಯಬೇಕಾಗುತ್ತದೆ. ಕ್ಯಾಪ್ಟನ್ ನದಿ ನೋಡುತ್ತಾರೆ, ಅತಿಥಿಗಳನ್ನು ನೋಡುತ್ತಾರೆ, ಹಲ್ಲು ಕಚ್ಚಿ, “ಹತ್ತಲಿ ಬಿಡಿ,” ಎನ್ನುತ್ತಾರೆ.

ವಿಲ್ಫ್ ಹತ್ತುತ್ತಾನೆ. ಬರಿಯ ಕಂಬ ಬಂದಾಗ ಎಡಗೈ ಒಮ್ಮೆ ಜಾರುತ್ತದೆ. ಕೆಳಗೆ ಎಲ್ಲರೂ ಉಸಿರೆಳೆದುಕೊಂಡದ್ದು ಕೇಳಿಸುತ್ತದೆ. ಹುಡುಗ ಕಂಬವನ್ನು ತಬ್ಬಿ ಅಲ್ಲೇ ನಿಲ್ಲುತ್ತಾನೆ, ಒಂದು ಸಲ ಕೆಳಗೆ ನೋಡುತ್ತಾನೆ, ಮತ್ತೆ ಹತ್ತುತ್ತಾನೆ. ಬಿಲ್ಲೆಯ ಮೇಲೆ ನೆಟ್ಟಗೆ ನಿಂತು ಟೋಪಿ ಬೀಸುತ್ತಾನೆ. ಚಪ್ಪಾಳೆ ಬೀಳುತ್ತದೆ, ಆದರೆ ಹೋದ ವರ್ಷದಷ್ಟಿಲ್ಲ. ಪಟ ತೆಗೆಯಲು ಬಂದವನು ಕೆಳಗೆ ಬಲೆ ಕಾಣುತ್ತದೆಂದು ಗೊಣಗಿ ಪೆಟ್ಟಿಗೆ ಮುಚ್ಚುತ್ತಾನೆ.

ಇಳಿದು ಬಂದ ವಿಲ್ಫ್ ಟ್ಯಾಪ್ಸೆಲ್ ಮುಂದೆ ನಿಲ್ಲುತ್ತಾನೆ. ಕಣ್ಣಲ್ಲಿ ನೀರು. “ನೀವ್ ಬೇಕೂಂತ ಮಾಡಿದ್ರಿ. ಬೇಡ ಅಂತ ಕೂಗಿಯೂ ನಾನು ಕೆಳಗೆ ಬಲೆ ಇಟ್ಕೊಂಡು ಹತ್ತಿದೋನಾದೆ. ನನ್ ದಿನ ಹಾಳು ಮಾಡ್ಬಿಟ್ರಿ,” ಎಂದು ಹಲ್ಲು ಕಡಿಯುತ್ತಾನೆ. ಟ್ಯಾಪ್ಸೆಲ್ ಹುಡುಗನನ್ನು ಕಾಲಿನಿಂದ ತಲೆಯವರೆಗೆ ನೋಡುತ್ತಾರೆ, ಅಷ್ಟೇ.

ಎಲ್ಲರೂ ದೋಣಿಗಳತ್ತ ಸರಿದಾಗ ವಿಲ್ಫ್‌ನ ಅಮ್ಮ ಮಾತ್ರ ಮೂಲೆಯ ಹಗ್ಗದ ಹತ್ತಿರ ಬರುತ್ತಾಳೆ. ಹಗ್ಗಕ್ಕೆ ಬಟ್ಟೆ ಹರವಿಯೇ ಬದುಕಿದವಳು. ಗಂಟನ್ನು ಮುಟ್ಟಿ ನೋಡುತ್ತಾಳೆ.

“ಇಂಥಾ ಬಿಸಿಲಲ್ಲೂ ಒಳಗೆ ಒದ್ದೆಯಿದೆ,” ಎನ್ನುತ್ತಾಳೆ.

“ಇಬ್ಬನಿ ಕಣಮ್ಮ.”

“ಹೂಂ. ಇಬ್ಬನೀನೇ ಇರ್ಬೇಕು,” ಎಂದು ಆಕೆ ಅವರ ರಕ್ತದ ಬೆರಳನ್ನು ತನ್ನ ಶಾಲಿನ ತುದಿಯಿಂದ ಒರೆಸುತ್ತಾಳೆ. ದೋಣಿಯಿಂದ ಕರೆಯುತ್ತಾರೆ, ಹೋಗುತ್ತಾಳೆ.

ಮರುದಿನವೇ ಕ್ಯಾಪ್ಟನ್ ಟ್ಯಾಪ್ಸೆಲ್ ಅವರನ್ನು ಕರೆಸುತ್ತಾರೆ. ಬೈಯುವುದಿಲ್ಲ. ಕಣ್ಣು ಮಂಜಾಗಿರಬೇಕು, ಇನ್ನು ಮನೆಯಲ್ಲಿ ವಿಶ್ರಾಂತಿ ಪಡೆಯಿರಿ ಎನ್ನುತ್ತಾರೆ. ಬಲೆಯ ಕೆಲಸ ಹೊಸ ಆಳಿಗೆ ಹೋಗಿದೆ. ಗಂಟು ಹಾಕಲು ಬಾರದ ಗಂಟಿನ ಮೇಷ್ಟ್ರು ಎಂಬ ಹೆಸರು ಹೊತ್ತು ಟ್ಯಾಪ್ಸೆಲ್ ಹಡಗಿನಿಂದ ಇಳಿದಿದ್ದಾರೆ. ಮುಂದಿನ ಮೇ ತಿಂಗಳಲ್ಲಿ ಇನ್ನೊಬ್ಬ ಹುಡುಗ ಬೇಡ ಎನ್ನುತ್ತಾನೆ, ಇನ್ನೊಂದು ಕೈ ಗಂಟು ಎಳೆಯುತ್ತದೆ, ಬಲೆ ಬೀಳುತ್ತದೆ. ಅದು ಅವರಿಗೆ ಗೊತ್ತು. ಬೇಕು ಎನ್ನುವ ಮಾತು ಅವರ ಕಿವಿಗೆ ಕೊನೆಗೂ ಬೀಳಲಿಲ್ಲ.

ಬೆಳಗಾಗುತ್ತಲೇ ಈಗಲೂ ಎಚ್ಚರವಾಗುತ್ತದೆ. ಬಾಗಿಲ ಬಳಿ ಮಣೆ ಹಾಕಿ ಕೂತು, ಯಾರೂ ಕೇಳದ ಬಲೆಯೊಂದನ್ನು ಹೆಣೆಯುತ್ತಾರೆ. ಹೆಟ್ಟಿ ಅದನ್ನು ಅವರೆ ಬಳ್ಳಿ ಹಬ್ಬಿಸಲು ಕೊಡಿ ಎಂದು ಕೇಳಿದ್ದಾರೆ, ಅವರು ಕೊಟ್ಟಿಲ್ಲ.

ಭಾನುವಾರ ಹುಡುಗರು ಸಾಲಾಗಿ ಚರ್ಚಿಗೆ ಹೋಗುವುದು ಈ ಬಾಗಿಲ ಮುಂದೆಯೇ. ಇಂದೂ ಬರುತ್ತಾರೆ. ವಿಲ್ಫ್ ಸಾಲಿನ ನಡುವೆ ಇದ್ದಾನೆ, ಅಂಗೈಯ ಗಾಯ ಒಣಗಿದೆ. ಮೊದಲು ಮುಖ ತಿರುಗಿಸುತ್ತಾನೆ. ನಾಲ್ಕು ಹೆಜ್ಜೆ ದಾಟಿದ ಮೇಲೆ ತಿರುಗಿ, ಬೀದಿಯೆಲ್ಲ ಕೇಳುವಂತೆ, “ಕಗ್ಗಂಟೂ!” ಎಂದು ಕೂಗುತ್ತಾನೆ. ಸಾಲಿಗೆ ಸಾಲೇ ನಗುತ್ತದೆ.

ಹೆಟ್ಟಿ ಪೊರಕೆ ಹಿಡಿದು ಹೊರಗೆ ಬರುತ್ತಾರೆ. “ಕೇಳಿಸ್ತೇನ್ರೀ? ಉಪಕಾರ ತಿಂದ ಬಾಯಿ ಅದು!”

“ಕೇಳಿಸ್ತು ಕಣೇ. ಏನು ದನಿ ನೋಡು ಅವನದು,” ಎನ್ನುತ್ತಾರೆ ಟ್ಯಾಪ್ಸೆಲ್. ಸೂಜಿ ನಿಂತಿದೆ. ಹುಡುಗರ ಸಾಲು ಚರ್ಚಿನ ಅಂಗಳ ಹೊಕ್ಕು, ಪರ್ಸಿಯ ಕಲ್ಲಿನ ಪಕ್ಕದಲ್ಲಿ ಹಾದು ಹೋಗುವುದನ್ನೇ ನೋಡುತ್ತಾರೆ. “ಪರ್ಸಿಗೆ ನನ್ನ ಬೈಯೋಕೂ ಪುರುಸೊತ್ತು ಸಿಗ್ಲಿಲ್ಲ. ಇವ್ನು ಬೈಲಿ ಬಿಡು. ಮುದುಕನಾಗೋವರ್ಗೂ ಬೈಕೊಂಡಿರ್ಲಿ.”